ಹೊಲಿಗೆ ಎಲ್ಲಿದೆ, ಹುಡುಕಿ!

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಾಲದ ಇಳಕಲ್ ಸೀರೆ ಇದೆಯೇ? ಈಗಲೇ ತೆಗೆಯಿರಿ! ಮೈ ಮುಗಿದು ಸೆರಗು ಶುರುವಾಗುವ ಜಾಗ ನೋಡಿ. ಇತ್ತ ಹತ್ತಿಯ ಮೈ. ಅತ್ತ ಕೆಂಪು ರೇಷ್ಮೆಯ ಸೆರಗು. ನೂಲೇ ಬೇರೆ, ಬಣ್ಣವೇ ಬೇರೆ! ಎರಡನ್ನೂ ಕೂಡಿಸಿದ ಹೊಲಿಗೆ ಎಲ್ಲಿ?

ತಿರುವಿ ಹಾಕಿ. ಬೆರಳಾಡಿಸಿ. ಸೂಜಿ ಓಡಿದ ಗುರುತೇ ಇಲ್ಲ!

ಇದೇನು ಮಹಾ ಅಂದಿರಾ? ಸ್ವಲ್ಪ ತಾಳಿ. ಅಡ್ಡ ಓಡುವ ಹೊಕ್ಕಿನ ಬಣ್ಣ ಬದಲಿಸುವುದು ಸಲೀಸು. ಲಾಳಿ ಬದಲಿಸಿದರಾಯಿತು. ಹಾಸು ಹಾಗಲ್ಲ! ಮಗ್ಗಕ್ಕೆ ಹೂಡಿದ ಮೇಲೆ ಈ ತುದಿಯಿಂದ ಆ ತುದಿಗೂ ಅದೇ ಎಳೆ. ಇಳಕಲ್‌ನಲ್ಲಿ ಮಾತ್ರ ಸೆರಗು ಬಂದೊಡನೆ ಹಾಸೇ ಬದಲಾಗಿಬಿಡುತ್ತದೆ! ಹೇಗೆ? ಗಂಟು ಹಾಕುತ್ತಾರೆಯೇ? ಊಹೂಂ!

ಕೊಂಡಿ!

ಮೈಯ ಹಾಸಿನ ಎಳೆ ತುದಿಯಲ್ಲಿ ಮಡಚಿ ಕುಣಿಕೆಯಾಗುತ್ತದೆ. ಸೆರಗಿನ ಎಳೆ ಅದರೊಳಗೆ ನುಸುಳಿ ತಾನೂ ಮಡಚಿಕೊಳ್ಳುತ್ತದೆ. ಒಂದನ್ನೊಂದು ಹಿಡಿದುಕೊಂಡವು, ಮುಗಿಯಿತು! ಒಂದೆರಡಲ್ಲ, ಸೀರೆಯ ಅಗಲಕ್ಕಿರುವ ಅಷ್ಟೂ ಎಳೆ, ಕೊಂಡಿಗೆ ಕೊಂಡಿ, ಕೈಬೆರಳಿನಲ್ಲಿ! ಟೋಪ ತೆನಿ ಎಂದು ಹೆಸರಾದ ಈ ಸೆರಗಿಗಾಗಿ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಜ್ಜು ಮಾಡಬೇಕು. ಒಂದೊಂದಕ್ಕೂ! ಬಿಸಿಲಿಗೆ ಮೈತುಂಬ ಹತ್ತಿ, ನಾಲ್ಕು ಜನರ ಕಣ್ಣಿಗೆ ಬೀಳುವಲ್ಲಿ ರೇಷ್ಮೆ. ಎಂಥ ಬುದ್ಧಿ!

ಕುಣಿಕೆಯ ಈ ಚಮತ್ಕಾರ ಮನೆಯಲ್ಲಿ ಇನ್ನೂ ಒಂದು ಕಡೆ ಇದೆ. ಎಲ್ಲಿ ಹೇಳಿ? ಶಾಲೆಗೆ ಹೊರಟ ಮಗುವಿನ ಕಾಲಲ್ಲಿ!

ಕಾಲುಚೀಲ ತಿರುವಿ ನೋಡಿ. ಬೆರಳ ಬಳಿ ಸಣ್ಣದೊಂದು ಮುಚ್ಚುಗೆ ಬಿಟ್ಟರೆ ಹೊಲಿಗೆಯೇ ಇಲ್ಲ! ಯಂತ್ರದಲ್ಲಿ ಸೂಜಿಗಳು ದುಂಡಗೆ ಸಾಲುಗಟ್ಟಿ ನಿಂತಿರುತ್ತವೆ. ಪ್ರತಿ ಸೂಜಿಗೂ ಪುಟ್ಟ ಕೊಕ್ಕೆ. ಕೊಕ್ಕೆಗೊಂದು ಪುಟಾಣಿ ಕದ! ಕದ ತೆರೆಯಿತು, ನೂಲು ಹಿಡಿಯಿತು, ಮುಚ್ಚಿತು, ಹಳೆಯ ಕುಣಿಕೆಯೊಳಗಿಂದ ಹೊಸದನ್ನು ಎಳೆಯಿತು. ಮತ್ತೆ ಸುತ್ತು, ಮತ್ತೆ ಸುತ್ತು! ಕತ್ತರಿಸಿ ಕೊಳವೆ ಮಾಡುವುದಲ್ಲ, ಬಟ್ಟೆ ಹುಟ್ಟುವುದೇ ಕೊಳವೆಯಾಗಿ! ಹಿಮ್ಮಡಿ ಬಂದಾಗ ಯಂತ್ರ ಸುತ್ತುವುದನ್ನು ಬಿಟ್ಟು ಅತ್ತಿತ್ತ ಓಲಾಡುತ್ತದೆ. ಹಿಮ್ಮಡಿ ಕೂರುವಷ್ಟು ಜೋಳಿಗೆ ಹೆಣೆದು ಮತ್ತೆ ಸುತ್ತಲು ಹೊರಡುತ್ತದೆ! ಕಾಲಿಗೆ ಒತ್ತುವ ಉಬ್ಬಿಲ್ಲ, ಬೂಟಿನೊಳಗೆ ಉಜ್ಜುವ ಗೆರೆಯಿಲ್ಲ. ಜನ ಮೆಚ್ಚದೆ ಇರುತ್ತಾರೆಯೇ!

ನೈಲಾನ್ ಕಾಲುಚೀಲದ್ದಂತೂ ಇನ್ನೂ ಸೋಜಿಗ. ಚರ್ಮವೇ ಕಾಣುವಷ್ಟು ತೆಳು! 15 ಡೆನಿಯರ್ ಎಂಬ ಅದರ ನೂಲನ್ನು 9 ಕಿಲೋಮೀಟರ್ ಉದ್ದ ಎಳೆದು ತಕ್ಕಡಿಗೆ ಹಾಕಿದಿರಿ ಅನ್ನಿ. ತೂಕ ಎಷ್ಟು? ಒಂದು ಕಿಲೋ? ಕಾಲು ಕಿಲೋ?

ಹದಿನೈದೇ ಗ್ರಾಂ!