ಒಂದು ಸ್ವಿಚ್ಚು, ಮೂರು ಕಾಲುವೆ

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಎಂಬ ಹಸಿರು ಸೀಮೆಯಿದೆ. ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಹೋಗಿ ನೆಲೆಸಿದ ಕಪ್ಪಿಲಿಯರು ಅಲ್ಲಿದ್ದಾರೆ. ಅವರ ಮನೆಮಾತು ಕನ್ನಡ. ಕಳೆದ ಪ್ರವಾಸದಲ್ಲಿ ನಾವು ಆ ದಾರಿಯಾಗಿ ಹೋಗಿದ್ದೆವು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದೊಳಗಿನ ಸುರಂಗವನ್ನು ಹಾದು, ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ತನ್ನು ಕೊಟ್ಟು, ಕಣಿವೆಗೆ ಇಳಿಯುತ್ತದೆ. ಅಲ್ಲಿಂದ ಹಲವು ಕಾಲುವೆಗಳಾಗಿ ಗದ್ದೆಗಳಿಗೆ ಹರಿಯುತ್ತದೆ. ಒಂದಕ್ಕಂತೂ ಹದಿನೆಂಟನೆಯ ಕಾಲುವೆ ಎಂದೇ ಹೆಸರು. ನೀರು ಒಂದೇ, ಆದರೆ ಯಾವ ತೂಬು ತೆರೆದರೆ ಯಾರ ಗದ್ದೆಗೆ ಎಂಬ ಲೆಕ್ಕ ಬೇರೆ. ಅದನ್ನು ನೋಡುತ್ತಿದ್ದಾಗ ನಮಗೆ ಶಾಲೆಯ ಕಂಪ್ಯೂಟರ್ ಕೊಠಡಿಯ ಸ್ವಿಚ್ಚು ನೆನಪಾಯಿತು.

ಈ ಸ್ವಿಚ್ಚು ದೀಪದ ಸ್ವಿಚ್ಚಲ್ಲ. ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಯಾವ ಕಿಂಡಿಯಲ್ಲಿ ಯಾವ ಯಂತ್ರವಿದೆ ಎಂಬುದನ್ನು ಅದು ಕಲಿತುಕೊಂಡು, ಸಂದೇಶವನ್ನು ಆ ಕಿಂಡಿಗೇ ಕಳುಹಿಸುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲ ಕಿಂಡಿಗಳಿಗೂ ಕಳುಹಿಸುತ್ತದೆ. "ಈ ವಿಳಾಸ ಯಾರದು?" ಎಂದು ಒಂದು ಯಂತ್ರ ಕೂಗಿದರೆ ಎಲ್ಲರ ಕಿವಿಗೂ ಬೀಳುತ್ತದೆ.

ನಮ್ಮಲ್ಲಿ ಕಚೇರಿಯ ಕಂಪ್ಯೂಟರು, ಮಕ್ಕಳ ಕಂಪ್ಯೂಟರುಗಳು, ಪ್ರಿಂಟರು, ಎಲ್ಲವೂ ಒಂದೇ ಸ್ವಿಚ್ಚಿನಲ್ಲಿದ್ದವು. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಂದು, "ಸಾರ್, ನನ್ನ ಕಂಪ್ಯೂಟರಿನಲ್ಲಿ ಎಲ್ಲರ ಮಾರ್ಕ್ಸು ಕಾಣಿಸುತ್ತಿದೆ" ಎಂದ. ಅಂಕಪಟ್ಟಿ ಮಾತ್ರವಲ್ಲ, ತಂದೆತಾಯಿಗಳ ಫೋನ್ ಸಂಖ್ಯೆಗಳೂ ಇದ್ದವು. ಅವನು ಪ್ರಾಮಾಣಿಕ, ಹೇಳದೆ ಸುಮ್ಮನಿದ್ದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇದಕ್ಕೆ ಉಪಾಯ ವಿಲ್ಯಾನ್. ಒಂದೇ ಸ್ವಿಚ್ಚನ್ನು ಹಲವು ಸ್ವಿಚ್ಚುಗಳೆಂಬಂತೆ ಬಳಸುವ ವಿಧಾನವಿದು. ಕಚೇರಿಯ ಕಿಂಡಿಗಳಿಗೆ 10, ಮಕ್ಕಳ ಕಿಂಡಿಗಳಿಗೆ 20, ಪ್ರಿಂಟರಿಗೆ 30 ಎಂದು ಸಂಖ್ಯೆ ಕೊಟ್ಟೆವು. 20ರಲ್ಲಿ ಕೂಗಿದ್ದು 10ರಲ್ಲಿ ಕೇಳಿಸದು. ಎರಡು ಸ್ವಿಚ್ಚುಗಳ ನಡುವೆ ಒಂದೇ ತಂತಿಯಿದ್ದರೂ ಮೂರು ಗುಂಪುಗಳ ಸಂದೇಶಗಳು ಅದರಲ್ಲೇ ಹೋಗಬಹುದು. ಪ್ರತಿಯೊಂದಕ್ಕೂ ಗುಂಪಿನ ಸಂಖ್ಯೆಯುಳ್ಳ ನಾಲ್ಕು ಬೈಟಿನ ಚೀಟಿಯನ್ನು ಸ್ವಿಚ್ಚು ಅಂಟಿಸುತ್ತದೆ. ಇಲ್ಲಿ ಮಾತ್ರ ಕಾಲುವೆಯ ಹೋಲಿಕೆ ಸೋಲುತ್ತದೆ, ಏಕೆಂದರೆ ನೀರಿಗೆ ಚೀಟಿ ಅಂಟಿಸಲಾಗದು! ಈ ಚೀಟಿಯ ನಿಯಮವನ್ನು ಐಇಇಇ ಸಂಸ್ಥೆ 1998ರಲ್ಲಿ 802.1ಕ್ಯೂ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಸಂಖ್ಯೆಗೆ 12 ಬಿಟ್ ಜಾಗವಿರುವುದರಿಂದ 1ರಿಂದ 4094ರವರೆಗೆ ಗುಂಪುಗಳನ್ನು ಮಾಡಬಹುದು. ನಮಗೆ ಮೂರು ಸಾಕಾಯಿತು.

ಆದರೆ ಮಕ್ಕಳೂ ಪ್ರಿಂಟರನ್ನು ಬಳಸಬೇಕಲ್ಲ? ಗುಂಪಿನಿಂದ ಗುಂಪಿಗೆ ದಾಟಿಸುವ ಕೆಲಸ ರೂಟರಿನದು. ದೊಡ್ಡ ಸ್ವಿಚ್ಚುಗಳು ಅದನ್ನು ತಾವೇ ಮಾಡುತ್ತವೆ. ಪ್ರತಿ ಗುಂಪಿಗೂ ಬೇರೆ ವಿಳಾಸ ಸಾಲು ಕೊಟ್ಟು, ಒಂದೊಂದು ಬಾಗಿಲ ವಿಳಾಸವನ್ನಿಟ್ಟು, ದಾಟಿಸುವ ಕೆಲಸವನ್ನು ಚಾಲೂ ಮಾಡಿದೆವು. ಪ್ರಿಂಟರು ಓಡಿತು. ನಾವು ನೆಮ್ಮದಿಯಿಂದ ಮನೆಗೆ ಹೋದೆವು.

ಮರುದಿನ ಅದೇ ಹುಡುಗ ಕಚೇರಿಯ ಕಂಪ್ಯೂಟರಿನ ವಿಳಾಸವನ್ನು ಟೈಪು ಮಾಡಿದ. ಅಂಕಪಟ್ಟಿ ಮತ್ತೆ ತೆರೆಯಿತು! ಪಟ್ಟಿಯಲ್ಲಿ ಅದರ ಹೆಸರು ಕಾಣದಂತಾಗಿತ್ತು, ಅಷ್ಟೆ. ಗೋಡೆ ಕಟ್ಟಿ, ಅದರಲ್ಲಿ ಬಾಗಿಲನ್ನಿಟ್ಟು, ಬಾಗಿಲಿಗೆ ಕಾವಲುಗಾರನನ್ನು ನೇಮಿಸದೆ ಬಂದಿದ್ದೆವು. ಸಾಮಾನ್ಯವಾಗಿ ಇಂಥ ಸ್ವಿಚ್ಚು ತಾನಾಗಿ ಯಾರನ್ನೂ ತಡೆಯದು. ದಾರಿ ಗೊತ್ತಿದ್ದರೆ ದಾಟಿಸುತ್ತದೆ.

ಕಾವಲಿನ ನಿಯಮಗಳನ್ನು ಸಾಲುಸಾಲಾಗಿ ಬರೆಯಬೇಕು. ಸ್ವಿಚ್ಚು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದುವ ಸಾಲನ್ನು ಪಾಲಿಸಿ ಅಲ್ಲಿಗೇ ನಿಲ್ಲುತ್ತದೆ. 'ಎಲ್ಲರಿಗೂ ಎಲ್ಲೆಡೆಗೂ ಬಿಡು' ಎಂಬುದು ಮೇಲಿದ್ದರೆ ಕೆಳಗಿನ 'ಬಿಡಬೇಡ' ವ್ಯರ್ಥ. ನಾವು 20ರಿಂದ 10ಕ್ಕೆ ಬಿಡಬೇಡ ಎಂದು ಮೊದಲು ಬರೆದೆವು. ಪ್ರಿಂಟರಿಗೆ ಬಿಡು, ಹೊರಗಿನ ಇಂಟರ್ನೆಟ್ಟಿಗೆ ಬಿಡು ಎಂಬುದು ಆಮೇಲೆ.

ಈಗ ಇನ್ನೊಂದು ತೊಡಕು ಬಂತು. ಕಚೇರಿಯಿಂದ ಮಕ್ಕಳ ಕಂಪ್ಯೂಟರನ್ನು ತೆರೆಯಲು ಹೋದರೆ ಅದೂ ಆಗದು. ನಾವು ತಡೆದದ್ದು 20ರಿಂದ 10ಕ್ಕೆ ಬರುವುದನ್ನು ಮಾತ್ರವಲ್ಲವೆ? ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಕಚೇರಿಯ ಪ್ರಶ್ನೆ ಹೋಗುತ್ತಿತ್ತು, ಆದರೆ ಅದರ ಉತ್ತರವೂ 20ರಿಂದ 10ಕ್ಕೆ ಬರುವ ಸಂದೇಶವೇ! ನಮ್ಮ ಕಾವಲುಗಾರನಿಗೆ ನೆನಪಿಲ್ಲ. ಮೊದಲು ಮಾತಾಡಿಸಿದವರು ಯಾರೆಂದು ಅವನು ಕೇಳುವುದಿಲ್ಲ. ಅದನ್ನು ನೆನಪಿಡುವ ಯಂತ್ರ ಫೈರ್‌ವಾಲ್. ಅದಿಲ್ಲದ ನಾವು, ಆಗಲೇ ಶುರುವಾದ ಸಂಭಾಷಣೆಯ ಉತ್ತರವನ್ನು ಮಾತ್ರ ಬಿಡು ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದೆವು.

ಈಗ ನಿಯಮ ಬದಲಾದಾಗಲೆಲ್ಲ ಆ ಹುಡುಗನನ್ನೇ ಮಕ್ಕಳ ಕಂಪ್ಯೂಟರಿನ ಮುಂದೆ ಕೂರಿಸುತ್ತೇವೆ. ಯಾವುದು ತೆರೆಯಬೇಕು, ಯಾವುದು ತೆರೆಯಬಾರದು ಎಂದು ಅವನ ನೋಟ್‌ಬುಕ್ಕಿನಲ್ಲಿ ಪಟ್ಟಿಯಿದೆ. ಕಳೆದ ತಿಂಗಳು ಅವನೇ ಒಂದು ಸಾಲನ್ನು ಸೇರಿಸಿದ: ಸ್ವಿಚ್ಚಿನ ಸ್ವಂತ ವಿಳಾಸ. ಮಕ್ಕಳ ಕೊಠಡಿಯಿಂದ ಅದು ತೆರೆಯುತ್ತಿತ್ತು. ಆ ಸಂಜೆಯೇ ಮುಚ್ಚಿದೆವು.