ಎಲೆಗಳ ಬಲಾಬಲ

ರಾಮದುರ್ಗದ ಕಡೆಯ ಮನೆಗಳಲ್ಲಿ ಆಟಕ್ಕೆ ಎಂದೂ ಕೊರತೆ ಇದ್ದಿಲ್ಲ. ಪಂಚಮಿಗೆ ಜೋಕಾಲಿ, ಬಿಡುವಿನ ಮಧ್ಯಾಹ್ನಕ್ಕೆ ಪಗಡೆ, ಚೌಕಾಬಾರ. ಹಿರಿಯರ ಕಣ್ಣು ತಪ್ಪಿಸಿ ಇಸ್ಪೀಟು. ಈಗ ಮಲಪ್ರಭೆಯ ದಂಡೆಯ ಹುಡುಗನೂ ಬೆಂಗಳೂರಿನ ಹುಡುಗನೂ ಮೊಬೈಲಿನಲ್ಲಿ ಒಂದೇ ಕಣಕ್ಕೆ ಇಳಿಯುತ್ತಾರೆ. ಅಲ್ಲಿ ಆಟಗಾರನು ಒಬ್ಬ ವೀರನ ಪಾತ್ರವನ್ನು ಧರಿಸಿ, ಗೆದ್ದಂತೆಲ್ಲ ಬಲವನ್ನು ಕೂಡಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವನು. ಕಾಳಗವು ಕೈಯಲ್ಲಿರುವ ಎಲೆಗಳಿಂದ ನಡೆಯುವದು. ಒಂದು ಮುಂಜಾನೆ ಎದ್ದು ನೋಡಿದರೆ, ಅವನ ಅತ್ಯಂತ ಬಲವಾದ ಎಲೆಯ ಬಲವನ್ನು ಆಟದ ಒಡೆಯರು ತಗ್ಗಿಸಿಬಿಟ್ಟಿರುತ್ತಾರೆ. ತಿಂಗಳುಗಟ್ಟಲೆ ಆಡಿ ಗಳಿಸಿದ್ದನ್ನು ಕಸಿದುಕೊಂಡರೆಂದು ಹುಡುಗನು ಸಿಟ್ಟಿಗೇಳುವನು. ಆಟಕ್ಕಾಗಿ ಇಷ್ಟು ಸಂಕಟವೇಕೆಂದು ತಂದೆಯು ಗದರಿಸುವನು. ಹುಡುಗನ ಸಿಟ್ಟು ಬರಿಯ ಹುಡುಗಾಟಿಕೆಯದೆಂದು ನಾವು ಹೇಳಲಾರೆವು. ಹಾಗೆಂದು ಒಡೆಯರು ಮಾಡಿದ್ದು ಯಾವಾಗಲೂ ಅನ್ಯಾಯವೇ ಎಂದೂ ಹೇಳಲಾರೆವು.

ಯಾಕಂದರೆ ಪಗಡೆಯ ಹಾಸನ್ನು ಮಡಚಿದೊಡನೆ ಎಲ್ಲರೂ ಸಮಾನರು. ನಿನ್ನೆ ಗೆದ್ದ ಅಜ್ಜಿಯ ಕಾಯಿಗಳಿಗೆ ಇಂದು ಹೆಚ್ಚಿನ ಬಲವಿಲ್ಲ. ಮೇಲೆ ಹೇಳಿದ ಆಟದಲ್ಲಾದರೋ ನಿನ್ನೆಯ ಗೆಲುವೇ ಇಂದಿನ ಆಯುಧ. ಅದನ್ನು ಹಾಗೆಯೇ ಬಿಟ್ಟರೆ ಮೊದಲು ಬಂದವನು ಮುಂದೆಯೇ ಉಳಿಯುವನು, ತಡವಾಗಿ ಬಂದವನು ಎಂದೂ ಅವನನ್ನು ಮುಟ್ಟಲಾರನು. ಕೆಲ ದಿನಗಳಲ್ಲಿ ಹೊಸಬರು ಬರುವದೇ ನಿಂತು, ಗೆದ್ದವನಿಗೆ ಆಡಲು ಜೊತೆ ಸಿಗದಾಗುವದು. ಆದುದರಿಂದಲೇ ಕೆಳಗಿನ ಮೆಟ್ಟಿಲುಗಳಲ್ಲಿ ಲಾಭವನ್ನು ಹೆಚ್ಚಿಸಿ, ಮೇಲಿನವುಗಳಲ್ಲಿ ತಗ್ಗಿಸಿ, ಎಲೆಗಳ ಬಲಾಬಲವನ್ನು ಮತ್ತೆ ಮತ್ತೆ ತೂಗಬೇಕಾಗುತ್ತದೆ.

ಈ ತೂಗಾಟವು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಹಿರಿಯರು ಆಡುತ್ತಿದ್ದ ಗಂಜೀಫಾ ಆಟವನ್ನು ನೋಡಿರಿ. ಇದರ ಎಲೆಗಳು ದುಂಡಗಿನವು. ಬಾಬರನು 1527ರಲ್ಲಿ ಸಿಂಧದ ಶಹಾ ಹಸನನಿಗೆ ಇಂಥ ಎಲೆಗಳನ್ನು ಕಳಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿಯೇ ಇದೆ. ಮೊಗಲರ ಎಲೆಗಳನ್ನು ನಮ್ಮವರು ದಶಾವತಾರಕ್ಕೆ ಒಗ್ಗಿಸಿದರು: ಹತ್ತು ಅವತಾರಗಳಿಗೆ ಹತ್ತು ಬಣ, ಬಣಕ್ಕೆ ರಾಜ, ಮಂತ್ರಿ, ಮತ್ತು ಒಂದರಿಂದ ಹತ್ತರ ವರೆಗಿನ ಅಂಕಿ, ಒಟ್ಟು 120 ಎಲೆ. ಇಸ್ಪೀಟಿನಲ್ಲಿರುವಂತೆ ಹುಕುಮ್ ಬಣವೆಂಬುದು ಇದರಲ್ಲಿಲ್ಲ. ಇಳಿದ ಬಣದ ಎಲೆಯನ್ನೇ ಹಾಕಬೇಕೆಂಬ ಕಟ್ಟೂ ಇಲ್ಲ. ಯಾವ ಎಲೆ ಹೋಗಿದೆ, ಯಾವುದು ಉಳಿದಿದೆ ಎಂಬ ನೆನಪೇ ಆಟಗಾರನ ಬಂಡವಾಳ.

ಇದರಲ್ಲಿಯ ಚಮತ್ಕಾರವು ಬೇರೆ ಕಡೆಗಿದೆ. ಐದು ಬಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಬಂದು ಒಂದು ಎಲ್ಲಕ್ಕಿಂತ ಕಡಿಮೆಯದಾಗುವದು. ಉಳಿದ ಐದರಲ್ಲಿ ಇದು ತಲೆಕೆಳಗು: ಮಂತ್ರಿಯ ಕೆಳಗೆ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕಿರಿದು. ಹೀಗಿರುವದರಿಂದ ಬರಿಯ ಸಣ್ಣ ಅಂಕಿಗಳು ಕೈಗೆ ಬಂದವಳು ಕೈಚೆಲ್ಲಿ ಕೂಡ್ರಬೇಕಾಗಿಲ್ಲ. ಹತ್ತುಗಳನ್ನು ಹಿಡಿದವಳು ಬೀಗಬೇಕಾಗಿಯೂ ಇಲ್ಲ. ದೈವವು ಹಂಚಿದ್ದನ್ನು ನಿಯಮವು ಅರ್ಧಕ್ಕೆ ಸರಿಮಾಡಿತು. ಹಗಲು ಆಡಿದರೆ ರಾಮನಿದ್ದವರು ಮೊದಲು, ರಾತ್ರಿ ಆಡಿದರೆ ಕೃಷ್ಣನಿದ್ದವರು ಮೊದಲು ಎಂಬ ಕಟ್ಟಳೆಯೂ ಇದೇ ಜಾತಿಯದು. ಮೊದಲ ಆಟದ ಲಾಭವು ಒಂದೇ ಬಣಕ್ಕೆ ಅಂಟಿಕೊಳ್ಳಲಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವರು. 1831ರಲ್ಲಿ ಆಂಗ್ಲರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ದೊರೆತ ಬಿಡುವನ್ನು ಅವರು ಸಾಹಿತ್ಯಕ್ಕೂ ಆಟಗಳಿಗೂ ಸಲ್ಲಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36 ಎಲೆಗಳಿಂದ 360 ಎಲೆಗಳ ವರೆಗಿನ 13 ‘ಚದ್’ ಆಟಗಳ ವರ್ಣನೆ ಇದೆ. ಅಂದವಾದ ಚಿತ್ರಗಳು, ಅದ್ಭುತವಾದ ಕಲ್ಪನೆ. ಆದರೆ 360 ಎಲೆಗಳನ್ನು ನೆನಪಿಡುವ ಗೃಹಸ್ಥನಾರು? ಆ ಆಟಗಳು ಜನರ ಜಗಲಿಗೆ ಇಳಿಯಲಿಲ್ಲ. ತಿಂಗಳಿಗೊಂದು ಹೊಸ ಎಲೆಗಳ ಕಂತೆಯನ್ನು ಹೊರಡಿಸುವ ಇಂದಿನ ಆಟದ ಒಡೆಯರು ಅರಮನೆಯ ಈ ಅನುಭವವನ್ನು ನೋಡಬೇಕಿತ್ತೆಂದು ನಮಗೆ ಅನಿಸುವದು.

ಕಾಗದದ ಎಲೆಯನ್ನು ಒಮ್ಮೆ ಮಾರಿದ ಮೇಲೆ ತಿದ್ದಲಾಗದು. ಅಮೇರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬವರು 1993ರಲ್ಲಿ ಹೊರತಂದ ‘ಮ್ಯಾಜಿಕ್’ ಆಟದಲ್ಲಿ ಕೆಲವು ಎಲೆಗಳು ಮಿತಿಮೀರಿ ಬಲವಾದಾಗ, ಕಟ್ಟಿಗೆ ಒಂದೇ ಇರಲಿ ಎಂದು ನಿರ್ಬಂಧಿಸುವ ಹಾದಿಯನ್ನು ಹಿಡಿಯಬೇಕಾಯಿತು. ಮೊಬೈಲಿನ ಎಲೆಗೆ ಆ ತೊಡಕಿಲ್ಲ. ರಾತ್ರೋರಾತ್ರಿ ಅದು ಬೇರೊಂದಾಗಬಲ್ಲದು. 2014ರಲ್ಲಿ ಹೊರಟ ‘ಹಾರ್ತ್‌ಸ್ಟೋನ್’ ಎಂಬ ಆಟದವರು ಇದಕ್ಕೊಂದು ಒಳ್ಳೆಯ ಪದ್ಧತಿಯನ್ನು ಹಾಕಿದರು: ಬಲವನ್ನು ತಗ್ಗಿಸಿದ ಎಲೆಯನ್ನು ಆಟಗಾರನು ಗೊತ್ತಾದ ದಿನಗಳೊಳಗೆ ಮರಳಿಸಿದರೆ, ಹೊಸ ಎಲೆ ಮಾಡಲು ಬೇಕಾಗುವ ಆಟದೊಳಗಿನ ದ್ರವ್ಯವು ಅವನಿಗೆ ಪೂರ್ತಿಯಾಗಿ ಸಿಗುವದು. ತಿದ್ದಿದವನು ನಷ್ಟವನ್ನೂ ಹೊರುವದು ನಮ್ಮ ಸಂತೆಯ ನ್ಯಾಯಕ್ಕೂ ಒಪ್ಪುವಂಥದು.

ಕೆಟ್ಟದ್ದು ಯಾವುದೆಂದರೆ, ಬಲವಾದ ಎಲೆಯನ್ನು ಹಣಕ್ಕೆ ಮಾರಿ, ಅದನ್ನು ಕುಂದಿಸಿ, ಅದಕ್ಕಿಂತ ಬಲವಾದುದನ್ನು ಮತ್ತೆ ಮಾರುವದು. ಇದು ತಕ್ಕಡಿಯನ್ನು ಸರಿಮಾಡುವದಲ್ಲ, ತಕ್ಕಡಿಯನ್ನೇ ಬಾಡಿಗೆಗೆ ಕೊಡುವದು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯದೆಯು ಆನ್‌ಲೈನಿನಲ್ಲಿ ಹಣವನ್ನು ಪಣವಿಟ್ಟು ಆಡುವ ಆಟಗಳನ್ನು, ಜಾಣ್ಮೆಯದಿರಲಿ ದೈವದ್ದಿರಲಿ, ನಿಷೇಧಿಸಿತು. ಪಣವಿಡುವದು ಬೇರೆ, ಬಲವನ್ನು ಕೊಳ್ಳುವದು ಬೇರೆ. ಎರಡನೆಯದರ ಮೇಲೆ ಮನೆಯವರೇ ಕಣ್ಣಿಡಬೇಕು. ಎಷ್ಟು ಹೊತ್ತು ಆಡಿದೆ ಎಂದು ಮಗನನ್ನು ಕೇಳುವದರ ಜೊತೆಗೆ, ದುಡ್ಡು ಕೊಡದವನು ಆ ಆಟದಲ್ಲಿ ಎಲ್ಲಿಯ ವರೆಗೆ ಏರಬಲ್ಲನೆಂಬುದನ್ನೂ ಕೇಳಿರಿ. ಅವನು ಕೂಡಲೇ ನಿಖರವಾಗಿ ಹೇಳುವನು.

ಗಂಜೀಫಾ ಎಲೆಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಬೆಳಗಾವಿಯಿಂದ ಅಂಬೋಲಿ ಘಟ್ಟವನ್ನಿಳಿದು ಸಾವಂತವಾಡಿಗೆ ಹೋಗಬಹುದು. ಅಲ್ಲಿಯ ಅರಮನೆಯಲ್ಲಿ ದಶಾವತಾರದ ಕಟ್ಟುಗಳನ್ನು ಕೈಯಿಂದ ಬಣ್ಣ ಬರೆದು ಮಾಡಿ ಮಾರುತ್ತಾರೆ. ಆಡಲು ಮೂವರು ಬೇಕು. ಒಬ್ಬೊಬ್ಬರಿಗೆ 40 ಎಲೆ ಬರುವವು.