ಹೊಲಕ್ಕೆ ಬಯಕೆ ಊಟ

ಎದೆಯೆತ್ತರ ಬೆಳೆದ ಬಿಳಿಜೋಳದ ದಂಟು. ಅದರ ನೆತ್ತಿಯಲ್ಲಿ ಸುತ್ತಿಕೊಂಡ ಎಲೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಒಳಗೆ ಏನೋ ದುಂಡಗೆ ತುಂಬಿಕೊಂಡಿದೆ! ತೆನೆ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ‘ಜ್ವಾಳ ಹೊಡಿಗಿ ಬಂದದ’ ಅನ್ನುತ್ತಾರೆ ಈ ಸೀಮೆಯ ಒಕ್ಕಲಿಗರು. ಬಸುರಾಗಿದೆ ಅಂದರೂ ನಡೆದೀತು. ಯಾಕೆಂದರೆ ಇದೇ ಹೊತ್ತಿಗೆ ಆಳಂದದ ಖಜೂರಿಯಿಂದ ಅಫಜಲಪುರ, ಜೇವರ್ಗಿಯವರೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಭೂತಾಯಿಗೆ ಸೀಮಂತ!

ಎಳ್ಳಮಾವಾಸ್ಯೆಯ ಬುತ್ತಿ ಬಿಚ್ಚುವುದನ್ನು ನೋಡಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಹಿಂಡಿ, ಕೆನೆಮೊಸರು, ಅಂಬಲಿ. ಇವೆಲ್ಲಕ್ಕೂ ಅರಸನಂತೆ ನಡುವೆ ಕೂತ ಬಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ, ಬೆಂಗಳೂರಿನವರು ಮೋಸಹೋಗಬಾರದು. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ, ಮೆಂತ್ಯೆ ಸೊಪ್ಪು, ಆ ವಾರ ಹೊಲದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಹುಣಸೆ ಹುಳಿಯಲ್ಲಿ ಕಡಲೆಹಿಟ್ಟಿನ ಜೊತೆ ಕುದಿದು ಒಂದಾದ ಪಲ್ಯ. ಹುಳಿ ಮುಂದು, ಖಾರ ಹಿಂದು. ಬಸುರಿಗೆ ಬೇಕಾದದ್ದೂ ಅದೇ ತಾನೆ!

ಆದರೆ ಮೊದಲ ತುತ್ತು ಮನುಷ್ಯರಿಗಲ್ಲ. ಜೋಳದ ದಂಟು ನಿಲ್ಲಿಸಿ ಪುಟ್ಟ ಕೊಂಪೆ ಕಟ್ಟುತ್ತಾರೆ, ಇಲ್ಲವೇ ಬನ್ನಿ ಮರದ ಬುಡ ಹಿಡಿಯುತ್ತಾರೆ. ಅಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಕುಂಕುಮವಿಟ್ಟರೆ ಅವರೇ ಪಾಂಡವರು. ಪೂಜೆ, ಎಡೆ ಮುಗಿದ ಮೇಲೆ ಚರಗ. ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ ಒಬ್ಬರು ಮುಂದೆ, ನೀರು ಚಿಮುಕಿಸುತ್ತ ಇನ್ನೊಬ್ಬರು ಹಿಂದೆ. ‘ಹುಲ್ಲುಲ್ಲಿಗೋ…’ ಎಂದು ಕೂಗುತ್ತ ಹೊಲದ ನಾಲ್ಕೂ ದಿಕ್ಕು ಸುತ್ತಿ ಚೆಲ್ಲುತ್ತಾರೆ. ಇರುವೆ, ಗುಬ್ಬಿ, ಹುಳು ಎಲ್ಲಕ್ಕೂ ಪಾಲು. ಹೊಲವಿಲ್ಲದವರನ್ನು ಕರೆದು ಉಣಿಸದಿದ್ದರೆ ಹಬ್ಬ ಅರ್ಧವೇ.

ನನ್ನನ್ನು ಬೆರಗಾಗಿಸಿದ್ದು ಇದರ ಲೆಕ್ಕಾಚಾರ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಆಮೇಲೆ ಮಳೆಯ ಹಂಗಿಲ್ಲ, ಎರೆಮಣ್ಣು ಒಡಲಲ್ಲಿ ಹಿಡಿದಿಟ್ಟ ತೇವವನ್ನೇ ಕುಡಿದು ಬೆಳೆಯುತ್ತದೆ. ಹೂವಾಡಲು ಸುಮಾರು ಎಪ್ಪತ್ತು ದಿನ. ಕೂಡಿಸಿ ನೋಡಿ, ಬಂದು ನಿಲ್ಲುವುದು ಮಾರ್ಗಶಿರ ಅಮಾವಾಸ್ಯೆಯ ಆಸುಪಾಸಿಗೇ! ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ಇಂಗ್ಲಿಷ್ ಕ್ಯಾಲೆಂಡರಿಗೆ ಇದು ಸಿಕ್ಕುವುದೇ ಇಲ್ಲ. 2023ರಲ್ಲಿ ಒಂದೂ ಎಳ್ಳಮಾವಾಸ್ಯೆ ಬರಲಿಲ್ಲ, 2024ರಲ್ಲಿ ಎರಡು ಬಂದವು: ಜನವರಿ 11, ಡಿಸೆಂಬರ್ 30. ಹೀಗೆ ಎಷ್ಟೇ ಓಲಾಡಿದರೂ ಅಧಿಕ ಮಾಸ ಬಂದು ಹಬ್ಬವನ್ನು ಮತ್ತೆ ಎಳೆದು ಹೊಡೆ ತುಂಬಿದ ಜೋಳದ ಪಕ್ಕಕ್ಕೇ ತಂದು ನಿಲ್ಲಿಸುತ್ತದೆ.

ಮಲೆನಾಡಿಗೆ ಹೋಗಿ. ಅಲ್ಲಿ ಬೆಳೆ ಭತ್ತ, ಅದು ಗರ್ಭ ಕಟ್ಟುವುದು ಮುಂಚೆ. ಹಾಗಾಗಿ ಅಲ್ಲಿನ ಸೀಮಂತ ಆಶ್ವೀಜದ ಹುಣ್ಣಿಮೆಗೆ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು! ಒಂದೇ ಬಯಕೆ ಊಟ; ಒಂದು ಕಡೆ ಹುಣ್ಣಿಮೆ, ಇನ್ನೊಂದು ಕಡೆ ಅಮಾವಾಸ್ಯೆ. ತಿಥಿಯನ್ನು ಗೊತ್ತುಮಾಡಿದ್ದು ಪೈರೇ ಎಂದು ನನಗನ್ನಿಸುವುದು ಇದಕ್ಕೇ. ಪಾಂಡವರು ಆಮೇಲೆ ಬಂದು ಕೂತಿರಬೇಕು.

ಸಮುದ್ರ ದಾಟಿದರೆ ಬೆರಗು ಇನ್ನೂ ಹೆಚ್ಚುತ್ತದೆ. ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿ ಭತ್ತ ಹೂವಾಡಿದಾಗ ‘ಬಸುರಾಗಿದೆ’ ಎಂದು ಗದ್ದೆಯ ಹತ್ತಿರ ಬಂದೂಕು ಹಾರಿಸುತ್ತಿರಲಿಲ್ಲ, ಸದ್ದು ಮಾಡುತ್ತಿರಲಿಲ್ಲ. ಬೆಚ್ಚಿಬಿದ್ದರೆ ಗರ್ಭ ಇಳಿದೀತೆಂಬ ಹೆದರಿಕೆ! ಪ್ರಾಚೀನ ರೋಮಿನವರು ಏಪ್ರಿಲ್ 15ರಂದು ಭೂದೇವಿ ಟೆಲ್ಲಸ್‌ಗೆ ಗಬ್ಬದ ಹಸುವನ್ನೇ ಬಲಿ ಕೊಡುತ್ತಿದ್ದರು. ಬಸುರಿ ಭೂಮಿಗೆ ಬಸುರಿ ಪ್ರಾಣಿ. ಲೆಕ್ಕ ಅದೇ, ಎದೆ ಮಾತ್ರ ಝಲ್ಲೆನ್ನುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಇಂದಿಗೂ ಆಗಸ್ಟ್ 1ರಂದು ನೆಲದಲ್ಲಿ ಕುಳಿ ತೋಡಿ, ಪಾಚಮಾಮಾ ತಾಯಿಯ ಬಾಯಿಗೆ ಅಡುಗೆ, ಕೋಕಾ ಎಲೆ, ಮೆಕ್ಕೆಜೋಳದ ಮದ್ಯ ಹಾಕುತ್ತಾರೆ. ಅದೂ ಚರಗವೇ ಅಲ್ಲದೆ ಇನ್ನೇನು?

ಅಷ್ಟು ದೂರ ಯಾಕೆ, ಖಜೂರಿಯಿಂದ ಉಮರ್ಗಾ ದಾರಿ ಹಿಡಿದರೆ ಸಾಕು. ಗಡಿ ದಾಟುತ್ತಲೇ ಮರಾಠಿ ಬೋರ್ಡು, ಆದರೆ ಹೊಲದಲ್ಲಿ ಅದೇ ಕೊಂಪೆ, ಅದೇ ಐದು ಕಲ್ಲು, ಅದೇ ಬಜ್ಜಿ, ಅದೇ ಅಂಬಲಿ! ಅವರು ‘ವೇಳ ಅಮಾವಾಸ್ಯೆ’ ಅನ್ನುತ್ತಾರೆ. 1956ರವರೆಗೆ ಎರಡೂ ಕಡೆ ಹೈದರಾಬಾದ್ ರಾಜ್ಯವೇ. ನವೆಂಬರ್ 1ಕ್ಕೆ ನಡುವೆ ಗೆರೆ ಬಿತ್ತು, ಚರಗಕ್ಕೆ ಅದು ತಿಳಿಯಲೇ ಇಲ್ಲ. ಲಾತೂರ್ ಜಿಲ್ಲೆಯಲ್ಲಂತೂ ಈ ಹಬ್ಬಕ್ಕೆ ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಕೊಡುತ್ತಾರೆ, ಪೇಟೆ ಬಾಗಿಲು ಹಾಕಿ ಹೊಲ ಸೇರುತ್ತದೆ. ಆ ದಿನ ಈ ರಸ್ತೆಯಲ್ಲಿ ಹೊರಟವರು ಹೋಟೆಲು ಹುಡುಕಬೇಡಿ. ಗಾಡಿ ನಿಲ್ಲಿಸಿ ಬದುವಿಗೆ ಇಳಿದರೆ, ಊಟಕ್ಕೆ ಬರ್ರಿ ಎಂಬ ಕರೆ ಯಾವ ಭಾಷೆಯಲ್ಲಿ ಬಂದೀತೆಂದು ಹೇಳಲಾಗದು. ಬಜ್ಜಿ ಬರುವುದಂತೂ ಖಾತ್ರಿ.